ನಾನು, ನೀನು ಮತ್ತು ಮೂರನೆಯವರು

ಶ್ರೀರಂಗಪಟ್ಟಣದ ಗಂಜಾಂ, ಭಾನುವಾರ ಮಧ್ಯಾಹ್ನ

ತಮ್ಮನ ಮಗಳು ರಜೆಗೆ ಮೈಸೂರಿನಿಂದ ಬಂದಿದ್ದಾಳೆ. ಊಟ ಮುಗಿಸಿ ನಡುಮನೆಯ ಕಿಟಕಿ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವಳು ಇನ್ನೂ ಎದ್ದಿಲ್ಲ. ಕಿವಿಗೆ ಹೆಡ್‌ಫೋನ್. ಪರದೆಯ ಮೇಲೆ ನಕ್ಷತ್ರಗಳ ನಡುವೆ ಸಾಗುವ ಹಡಗು, ಅದರೊಳಗೆ ಮಾತಾಡುತ್ತ ನಿಂತ ಇಬ್ಬರು ಹೆಂಗಸರು. ಒಬ್ಬಾಕೆ ಇವಳು ಆಡಿಸುತ್ತಿರುವ ಪಾತ್ರ. ಇನ್ನೊಬ್ಬಾಕೆ ಹೊಂಬಣ್ಣದ ಕೂದಲಿನ ಯೋಧೆ. ಮಾತು ಒಂದು ಕಡೆ ನಿಂತಿತು. ಇವಳ ಪಾತ್ರ ಏನು ಉತ್ತರ ಕೊಡಬೇಕೆಂದು ಮೂರು ಸಾಲು ಮೂಡಿದವು. ಅದರಲ್ಲೊಂದಕ್ಕೆ ಅದು ಸರಸದ ಮಾತು ಎಂಬ ಗುರುತಿತ್ತು. ಹುಡುಗಿ ಒಂದು ಗಳಿಗೆ ಯೋಚಿಸಿ ಅದನ್ನೇ ಒತ್ತಿದಳು. ಯೋಧೆ ಮುಗುಳ್ನಕ್ಕಳು.

ನಾನು ಹಿಂದೆ ನಿಂತು ನೋಡುತ್ತಿದ್ದುದು ಅವಳಿಗೆ ಗೊತ್ತಾಯಿತು. ಹೆಡ್‌ಫೋನ್ ಸರಿಸಿ, "ಏನ್ ದೊಡ್ಡಪ್ಪ?" ಅಂದಳು.

"ಏನಿಲ್ಲ ಮಗ, ಆಡು" ಅಂದೆ.

ಏನಿಲ್ಲ ಅಂದದ್ದು ನಿಜವಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡು ವಯಸ್ಸು ಕಳೆದವನು ನಾನು. ಕಾವ್ಯದಲ್ಲಿ ಬರುವ ಒಲವನ್ನು ಎಷ್ಟೋ ಬ್ಯಾಚಿನ ಮಕ್ಕಳಿಗೆ ಬಿಡಿಸಿ ಹೇಳಿದ್ದೇನೆ. ಓದುವವನೇ ಒಳಗೆ ಹೋಗಿ ಮಾತಾಡಬಹುದಾದ ಕಥೆಯನ್ನು ಕಂಡದ್ದು ಇದೇ ಮೊದಲು. ತಿಳಿಯದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ನಿಧಾನವಾಗಿ ಬಿಡಿಸುವುದು ನನ್ನ ಹಳೆಯ ಅಭ್ಯಾಸ. ಮೊದಲ ಪ್ರಶ್ನೆ ಇದು: ಹೆಣ್ಣು ಹೆಣ್ಣಿಗೆ, ಗಂಡು ಗಂಡಿಗೆ ಹೇಳಬಹುದಾದ ಆ ಒಂದು ಸಾಲು ಆಟದಲ್ಲಿ ಇರಬೇಕೆಂದು ಜನ ಯಾಕೆ ಅಷ್ಟು ಹಂಬಲಿಸಿದರು?

ಅದೇ ದಿನ, ದೀಪ ಹಚ್ಚಿದ ಮೇಲೆ

ಆಟದ ಹೆಸರು ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್. ಬಯೋವೇರ್ ಕಂಪನಿಯವರು 2011ರ ಡಿಸೆಂಬರ್‌ನಲ್ಲಿ ಹೊರತಂದದ್ದು. ಇಂಟರ್ನೆಟ್ಟಿನಲ್ಲಿ ಸಾವಿರಾರು ಜನ ಒಂದೇ ಲೋಕದೊಳಗೆ ಓಡಾಡುತ್ತಾರೆ, ಒಬ್ಬೊಬ್ಬರಿಗೂ ಅವರವರ ಕಥೆ ನಡೆಯುತ್ತದೆ. ಎಂಟು ಬಗೆಯ ನಾಯಕರು, ಪ್ರತಿ ಬಗೆಗೂ ಗಂಡು ದನಿ ಒಂದು, ಹೆಣ್ಣು ದನಿ ಒಂದು. ಧ್ವನಿಮುದ್ರಿಸಿದ ಮಾತು 2 ಲಕ್ಷ ಸಾಲಿಗೂ ಹೆಚ್ಚು. ಅದಕ್ಕೆ ಗಿನ್ನೆಸ್ ದಾಖಲೆಯೂ ಸಿಕ್ಕಿದೆ.

ಜೊತೆಗಾರರು ಇರುತ್ತಾರೆ. ಅವರ ಜೊತೆ ಹೇಗೆ ಮಾತಾಡುತ್ತೀರಿ, ಯಾರ ಪಕ್ಷ ವಹಿಸುತ್ತೀರಿ, ಏನು ಉಡುಗೊರೆ ಕೊಡುತ್ತೀರಿ ಎಂಬುದರ ಮೇಲೆ ಅವರ ಮನಸ್ಸು ನಿಮ್ಮ ಕಡೆ ವಾಲುತ್ತದೆ. ಕೆಲವರಿಗೆ ಒಲವು ಹುಟ್ಟುತ್ತದೆ. ಆಟ ಶುರುವಾದಾಗ ಆ ಜೊತೆಗಾರರಲ್ಲಿ ಗಂಡಿಗೆ ಒಲಿಯುವ ಗಂಡಾಗಲಿ, ಹೆಣ್ಣಿಗೆ ಒಲಿಯುವ ಹೆಣ್ಣಾಗಲಿ ಒಬ್ಬರೂ ಇರಲಿಲ್ಲ.

2013ರ ಏಪ್ರಿಲ್‌ನಲ್ಲಿ ಹೊಸ ಭಾಗ ಬಂತು. ಮೇಕೆಬ್ ಎಂಬ ಗ್ರಹ ಸೇರಿಕೊಂಡಿತು. ಆ ಗ್ರಹದಲ್ಲಿ ಬೆರಳೆಣಿಕೆಯ ಮಂದಿಯೊಡನೆ ಮಾತ್ರ ಅಂಥ ಸರಸದ ಮಾತು ಆಡಬಹುದಿತ್ತು. ಆಗ ಅಲ್ಲಿಗೆ ಹೋಗಲು 50ನೇ ಹಂತ ಮುಟ್ಟಿರಬೇಕಿತ್ತು, ಅದರ ಮೇಲೆ ಆ ಭಾಗವನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು.

"ಎಲ್ಲಾರ್ನೂವೆ ಒಂದೇ ಗ್ರಹಕ್ಕೆ ಹಾಕ್ಬುಟ್ರು ದೊಡ್ಡಪ್ಪ" ಅಂದಳು ಹುಡುಗಿ.

ಈ ಮಾತು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಸೀಮೆಯಲ್ಲಿ ಊರು ಒಂದು ಕಡೆ, ಕೇರಿ ಒಂದು ಕಡೆ. ಜಾಗ ಕೊಟ್ಟೆವಲ್ಲ ಎಂದು ಊರಿನವರು ಹೇಳಬಹುದು. ಎಲ್ಲಿ ಕೊಟ್ಟಿರಿ ಎಂಬುದೇ ಕೇರಿಯವರ ಪ್ರಶ್ನೆ. 2015ರ ಅಕ್ಟೋಬರ್‌ನಲ್ಲಿ ಬಂದ ಭಾಗದಲ್ಲಿ ಲಾನಾ ಬೆನಿಕೊ, ಥೆರನ್ ಶಾನ್ ಎಂಬ ಇಬ್ಬರು ಮುಖ್ಯ ಜೊತೆಗಾರರು ಆಟಗಾರ ಗಂಡೋ ಹೆಣ್ಣೋ ನೋಡದೆ ಒಲಿಯುವವರಾದರು. ಮಧ್ಯಾಹ್ನ ನಾನು ಕಂಡ ಹೊಂಗೂದಲಿನ ಯೋಧೆಯೇ ಲಾನಾ. ಕೇರಿಯ ಮನೆ ಊರೊಳಕ್ಕೆ ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು.

ಸೋಮವಾರ, ಬೆಳಗ್ಗೆ

ರಾತ್ರಿ ನಿದ್ದೆ ಹತ್ತಲಿಲ್ಲ. ವ್ಯಾಕರಣದ ಒಂದು ಸಂಗತಿ ತಲೆಯಲ್ಲಿ ಸುತ್ತುತ್ತಿತ್ತು.

ಕನ್ನಡದಲ್ಲಿ ಉತ್ತಮ ಪುರುಷಕ್ಕೆ ಲಿಂಗವಿಲ್ಲ. ಗಂಡು ಹೇಳಿದರೂ "ನಾನು ಬಂದೆ", ಹೆಣ್ಣು ಹೇಳಿದರೂ "ನಾನು ಬಂದೆ". ಮಧ್ಯಮ ಪುರುಷಕ್ಕೂ ಇಲ್ಲ. "ನೀನು ಬಂದೆ" ಎಂಬುದು ಇಬ್ಬರಿಗೂ ಸಲ್ಲುತ್ತದೆ. ಬಂದನು, ಬಂದಳು ಎಂದು ಬೇರ್ಪಡಿಸುವುದು ಪ್ರಥಮ ಪುರುಷದಲ್ಲಿ ಮಾತ್ರ. ಎಂದರೆ ಮೂರನೆಯವರ ಬಗ್ಗೆ ಮಾತಾಡುವಾಗ. ಹಿಂದಿಯಲ್ಲಿ ಹೀಗಿಲ್ಲ. ಅಲ್ಲಿ "ನಾನು ಬರುತ್ತೇನೆ" ಎನ್ನುವುದಕ್ಕೂ ಗಂಡಿಗೊಂದು ರೂಪ, ಹೆಣ್ಣಿಗೊಂದು ರೂಪ. ಫ್ರೆಂಚಿನಲ್ಲಿ "ನನಗೆ ಖುಷಿಯಾಗಿದೆ" ಎನ್ನುವಾಗಲೇ ಪದ ಬದಲಾಗುತ್ತದೆ.

ಒಲವಿನ ಮಾತು ನಡೆಯುವುದು ನಾನು ಮತ್ತು ನೀನು ನಡುವೆ. "ನಾನು ನಿನ್ನನ್ನು ಮೆಚ್ಚಿದೆ" ಎಂಬ ವಾಕ್ಯ ಬರೆದವರು ಯಾರು, ಓದಿದವರು ಯಾರು ಎಂದು ಯಾವ ವ್ಯಾಕರಣ ಪಂಡಿತನೂ ಹೇಳಲಾರ. "ಬಾರೋ" "ಬಾರೇ" ಎಂಬ ಕರೆಯಲ್ಲಿ ಗಂಡು ಹೆಣ್ಣು ತಿಳಿಯುತ್ತದೆ, ನಿಜ. "ಕನ್ಲಾ" "ಕನಮ್ಮಿ" ಎನ್ನುವಾಗಲೂ ತಿಳಿಯುತ್ತದೆ. ಆದರೆ ಮನಸ್ಸು ಬಿಚ್ಚುವ ಕ್ರಿಯಾಪದದಲ್ಲಿ ಆ ಗುರುತಿಲ್ಲ. ನಮ್ಮ ಮಂಡ್ಯ ಕಡೆ ಹೆಣ್ಣುಮಕ್ಕಳನ್ನೂ "ಬಾ ಮಗ" ಎಂದೇ ಕರೆಯುತ್ತೇವೆ.

ಕೊನೆಗೆ ಬರೆದುಕೊಂಡದ್ದು ಇಷ್ಟು: ಕನ್ನಡದಲ್ಲಿ ಒಲವಿಗೆ ಲಿಂಗ ಅಂಟುವುದು ಮೂರನೆಯವರು ಬಾಯಿ ತೆರೆದಾಗ.

ಸೋಮವಾರ, ಸಂಜೆ

ಪಾತ್ರ ಎಂಬ ಮಾತಿನ ಬಗ್ಗೆ. ಈ ಆಟಗಳಲ್ಲಿ ಶುರುವಿಗೇ ನೀನು ಯಾರಾಗುತ್ತೀಯ ಎಂದು ಕೇಳುತ್ತಾರೆ. ಗಂಡಸು ಹೆಣ್ಣಿನ ಪಾತ್ರ ತೊಡಬಹುದು, ಹೆಂಗಸು ಗಂಡಿನ ಪಾತ್ರ ತೊಡಬಹುದು. ಇದು ನನಗೆ ಹೊಸದೇನಲ್ಲ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಯುವವರನ್ನು ಕಂಡೇ ಬೆಳೆದವನು ನಾನು. ದುರ್ಯೋಧನನಿಗೆ ಇಷ್ಟು, ಕರ್ಣನಿಗೆ ಇಷ್ಟು, ಶಕುನಿಗೆ ಇಷ್ಟು ಎಂದು ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ಸೀಸ ಕಲಿಯುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ನೀರು ಕಟ್ಟಿದ ಮನುಷ್ಯ ಆ ಒಂದು ರಾತ್ರಿ ಕೌರವೇಶ್ವರ. ಹಿಂದೆ ದ್ರೌಪದಿಯ ಸೀರೆಯನ್ನೂ ಊರಿನ ಗಂಡಸರೇ ಉಡುತ್ತಿದ್ದರು. ದುಡ್ಡು ಕೊಟ್ಟು, ಬೆವರು ಸುರಿಸಿ, ಇನ್ನೊಬ್ಬರಾಗುವ ಆಸೆ ಯಾವ ಕಂಪ್ಯೂಟರಿಗಿಂತಲೂ ಹಳೆಯದು.

ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾತ್ರವೂ ಹೆಂಗಸರದೇ. ಕಂಸ, ರಾವಣರ ಪಾತ್ರಕ್ಕೆ ನಾಗರತ್ನಮ್ಮನವರೇ ಮೀಸೆ ಕಟ್ಟುತ್ತಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ರಂಗದ ಮೇಲೆ ರಾಜನೂ ಹೆಣ್ಣು, ರಾಣಿಯೂ ಹೆಣ್ಣು. ಜನ ಟಿಕೆಟ್ ಕೊಂಡು ಬಂದು ನೋಡಿ ಗೌರವಿಸಿದರು.

ಇನ್ನೂ ಒಂದು. ಧನುರ್ಮಾಸದ ಚಳಿಯಲ್ಲಿ ಇಲ್ಲಿನ ರಂಗನಾಥನ ಗುಡಿಯಲ್ಲೂ ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯಲ್ಲೂ ತಿರುಪ್ಪಾವೈ ಹೇಳುತ್ತಾರೆ. ಅದು ಆಂಡಾಳ್ ಎಂಬ ಹೆಣ್ಣುಮಗಳ ಹಂಬಲ, ಹೇಳುವವರು ಗಂಡಸರು. ನಮ್ಮಾಳ್ವಾರರು ತಾವೇ ನಾಯಕಿಯಾಗಿ ಹಾಡಿದ್ದಾರೆ. ನಮ್ಮ ಶರಣರಿಗೆ ಶರಣಸತಿ ಲಿಂಗಪತಿ ಎಂಬ ಭಾವವಿತ್ತು. ಭಕ್ತಿಯೇ ಬೇರೆ, ಈ ಆಟದ ಒಲವೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ನಾನು ಇನ್ನೊಬ್ಬರಾಗಿ ನಿಂತು ಪ್ರೀತಿಸಬಲ್ಲೆ ಎಂಬ ಕಲ್ಪನೆಗೆ ಈ ನೆಲ ಹೆದರಿದ್ದಿಲ್ಲ. ಹಾಗಿದ್ದ ಮೇಲೆ ನಾನು ನಾನಾಗಿಯೇ ನಿಂತು ಪ್ರೀತಿಸುತ್ತೇನೆ ಎಂದು ಒಬ್ಬರು ಹೇಳಿದಾಗ ಯಾಕೆ ಹೆದರುತ್ತದೆ? ಇದನ್ನು ಬಿಡಿಸಲು ನನ್ನಿಂದ ಇನ್ನೂ ಆಗಿಲ್ಲ.

ಮಂಗಳವಾರ, ಕಿಕ್ಕೇರಿಯಿಂದ ಬಂದ ಮೇಲೆ

ನೆಂಟರ ಮನೆಯ ಗೃಹಪ್ರವೇಶಕ್ಕೆ ಕಿಕ್ಕೇರಿಗೆ ಹೋಗಿದ್ದೆ. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು. ಅವರ ಪ್ರೇಮಕವನಗಳ ಸಂಕಲನ ಮೈಸೂರ ಮಲ್ಲಿಗೆ ಬಂದದ್ದು 1942ರಲ್ಲಿ. ಅಂದಿನಿಂದ ಇಂದಿನವರೆಗೂ ಹೊಸದಾಗಿ ಮದುವೆಯಾದ ಎಷ್ಟು ಜೋಡಿಗಳು ಆ ಪುಸ್ತಕದಲ್ಲಿ ತಮ್ಮನ್ನೇ ಕಂಡುಕೊಂಡಿಲ್ಲ! ನಮ್ಮ ಮದುವೆಯಲ್ಲೂ ಅದೇ ಉಡುಗೊರೆ ಬಂದಿತ್ತು. ನಮ್ಮಿಬ್ಬರ ಮಾತು ಇವರಿಗೆ ಹೇಗೆ ಗೊತ್ತಾಯಿತು ಎಂದು ನನ್ನ ಹೆಂಡತಿ ಕೇಳಿದ್ದು ನೆನಪಿದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆದದ್ದು: ಮೊದಲ ದಿನದ ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪುಸ್ತಕದಲ್ಲಿ ತನ್ನನ್ನು ಕಂಡ ಆ ಸುಖ ನನಗೆ ಕೇಳದೆಯೇ ಸಿಕ್ಕಿತು. ಸಿಗದವರು ಇದ್ದಾರೆಂದು ನಾನು ಯೋಚಿಸಿದ್ದೇ ಇಲ್ಲ. ಸಂಡೂರಿನ ವಸುಧೇಂದ್ರ ಅವರ ಮೋಹನಸ್ವಾಮಿ ಕಥಾಸಂಕಲನ 2013ರಲ್ಲಿ ಬಂತು. ಗಂಡನ್ನು ಪ್ರೀತಿಸುವ ಗಂಡಿನ ಬದುಕು ಕನ್ನಡದ ಒಂದು ಪುಸ್ತಕದ ತುಂಬ ಅಷ್ಟು ನೇರವಾಗಿ ಬಂದದ್ದನ್ನು ನಾನು ಓದಿದ್ದು ಆಗಲೇ. ಮೈಸೂರ ಮಲ್ಲಿಗೆ ಬಂದು ಅಷ್ಟು ಹೊತ್ತಿಗೆ 71 ವರ್ಷವಾಗಿತ್ತು.

ಬುಧವಾರ

ಇವತ್ತು ಹುಡುಗಿ ಹೇಳಿದ ಸಂಗತಿ ನಮ್ಮ ದೇಶದ್ದೇ. ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್ ಎಂಬ ಆಟ 2014ರ ನವೆಂಬರ್ 18ರಂದು ಹೊರಬಂತು. ಅದೂ ಬಯೋವೇರ್‌ನವರದೇ, ಮಾರುವವರು ಎಲೆಕ್ಟ್ರಾನಿಕ್ ಆರ್ಟ್ಸ್. ಭಾರತದಲ್ಲಿ ಎಷ್ಟೋ ಜನ ಮುಂಗಡ ಕೊಟ್ಟು ಕಾಯುತ್ತಿದ್ದರು. ಬಿಡುಗಡೆಯ ಹೊತ್ತಿಗೆ ಕಂಪನಿ ಅದನ್ನು ಇಲ್ಲಿಯ ಮಾರಾಟದಿಂದ ಹಿಂದೆಗೆದುಕೊಂಡಿತು. ಸ್ಥಳೀಯ ಕಾನೂನು ಮೀರಿದಂತಾಗಬಾರದು ಎಂಬುದು ಅವರು ಕೊಟ್ಟ ಕಾರಣ. ಯಾವ ದೃಶ್ಯ ಎಂದು ಹೇಳಲಿಲ್ಲ. ಸರ್ಕಾರ ನಿಷೇಧಿಸಿದ್ದಲ್ಲ, ಕಂಪನಿಯೇ ಹೆಜ್ಜೆ ಹಿಂದಿಟ್ಟದ್ದು. ಆಡುವವರು ಮಾತ್ರ ಆಟದೊಳಗಿನ ಸಲಿಂಗ ಪ್ರೇಮದ ಕಡೆಗೇ ಬೆರಳು ಮಾಡಿದರು.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದೆ. 1860ರ ದಂಡ ಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಸಂಬಂಧಕ್ಕೆ ಅದು ಅನ್ವಯಿಸದು ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಅಂಥ ಸಂಬಂಧ ಅಪರಾಧವಲ್ಲ ಎಂದು ಹೇಳಿತು. ಆಟ ಬಂದ 2014 ಎರಡು ತೀರ್ಪುಗಳ ನಡುವಿನ ಆ ಐದು ವರ್ಷದೊಳಗೆ ಬೀಳುತ್ತದೆ. ಇಲ್ಲೂ ಮೂರನೆಯವರೇ. ಆಡುವವನು ತಕರಾರು ಮಾಡಲಿಲ್ಲ, ಬರೆದವನು ಮಾಡಲಿಲ್ಲ. ಯಾರೋ ಏನೋ ಅಂದಾರು ಎಂಬ ಭಯವೇ ಬಾಗಿಲು ಹಾಕಿತು.

ಬುಧವಾರ, ರಾತ್ರಿ

ಆ ಆಟದಲ್ಲಿ ಏನಿತ್ತು ಎಂದು ಕೇಳಿದೆ. ಡೋರಿಯನ್ ಎಂಬ ಮಂತ್ರವಾದಿಯ ಕಥೆ ಹೇಳಿದಳು. ದೊಡ್ಡ ಮನೆತನದ ಒಬ್ಬನೇ ಮಗ, ಬುದ್ಧಿವಂತ, ಮಾತುಗಾರ. ಅವನಿಗೆ ಗಂಡಸರ ಮೇಲೆ ಮನಸ್ಸು. ತಂದೆ ವಂಶ ಬೆಳೆಯಬೇಕೆಂದು ಮದುವೆ ಗೊತ್ತುಮಾಡುತ್ತಾನೆ. ಮಗ ಒಲ್ಲೆನೆಂದಾಗ ರಕ್ತಮಾಟದಿಂದ ಅವನ ಮನಸ್ಸನ್ನೇ ಬದಲಿಸಲು ಹೊರಡುತ್ತಾನೆ. ಆ ಮಾಟವನ್ನು ದ್ವೇಷಿಸಲು ಮಗನಿಗೆ ಕಲಿಸಿದವನೂ ಅದೇ ತಂದೆ. ಮಗ ಮನೆ ಬಿಟ್ಟು ಹೋಗುತ್ತಾನೆ. ಮುಂದೆ ಒಂದು ಪಾನಗೃಹದಲ್ಲಿ ತಂದೆ ಮಗ ಎದುರುಬದುರಾಗುತ್ತಾರೆ. ಎದ್ದು ಹೋಗೋಣ ಎಂದು ಅವನನ್ನು ಕರೆದೊಯ್ಯಬಹುದು, ಅಪ್ಪನ ಮಾತು ಕೇಳು ಎಂದೂ ಹೇಳಬಹುದು. ಅದು ಆಡುವವರ ಕೈಯಲ್ಲಿದೆ.

ಈ ಕಥೆ ಕೇಳಲು ನನ್ನ ಹೆಂಡತಿಯೂ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. "ಹೆತ್ತವ್ನೇ ಮಾಟ ಮಾಡ್ಸಾದಾ?" ಅಂದಳು. ಆಮೇಲೆ ಸುಮ್ಮನಾದಳು. ಮಕ್ಕಳನ್ನು ಸರಿ ಮಾಡಿಸಲು ದೇವರು ಕೇಳಿಸಿದವರು, ತಾಯತ ಕಟ್ಟಿಸಿದವರು, ಡಾಕ್ಟರ ಹತ್ತಿರ ಎಳೆದೊಯ್ದವರು ನಮ್ಮ ಸುತ್ತಲೂ ಇದ್ದಾರೆಂಬುದು ಇಬ್ಬರಿಗೂ ಗೊತ್ತು. ಮದ್ರಾಸ್ ಹೈಕೋರ್ಟಿನ ಆದೇಶದ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೀಗೆ ಮನಸ್ಸು ಬದಲಿಸುವ ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ಸಾರಿತು. ತಾಯತಕ್ಕೆ ಆ ಆದೇಶ ತಾಗುವುದಿಲ್ಲ. ಅಲ್ಲಿಗೆ ತಲುಪುವುದು ಕಥೆಯೊಂದೇ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಎದೆಗೆ ಅದು ಒಂದೇ ರಾತ್ರಿಯಲ್ಲಿ ತಲುಪಿದ್ದನ್ನು ಕಣ್ಣಾರೆ ಕಂಡೆ.

ಗುರುವಾರ, ಅನುಮಾನಗಳು

ಒಂದು. ಇದು ಮಕ್ಕಳ ಕೈಗೆ ಸಿಕ್ಕರೆ? ಡ್ರ್ಯಾಗನ್ ಏಜ್‌ಗೆ ಯುರೋಪಿನಲ್ಲಿ 18 ವರ್ಷದ ಮಿತಿ ಇದೆ. ಚಿಕ್ಕವರಿಂದ ದೂರ ಇಡಬೇಕಾದದ್ದನ್ನು ಇಡಲೇಬೇಕು. ಗಂಡು ಹೆಣ್ಣಿನ ದೃಶ್ಯಕ್ಕೆ ಯಾವ ವಯಸ್ಸೋ ಇದಕ್ಕೂ ಅದೇ ವಯಸ್ಸು. ಒಂದೇ ಅಳತೆಗೋಲು ಸಾಕು.

ಎರಡು. ಬೇಡದವರ ಮೇಲೆ ಹೇರಿದಂತೆ ಆಗುವುದಿಲ್ಲವೆ? ಇದಕ್ಕೆ ಕಣ್ಣೆದುರೇ ಉತ್ತರ ಸಿಕ್ಕಿತು. ಆ ಸಾಲನ್ನು ಒತ್ತದಿದ್ದರೆ ಆ ಕಥೆ ನಡೆಯುವುದಿಲ್ಲ. ಯೋಧೆ ಯೋಧೆಯಾಗಿ, ಗೆಳತಿ ಗೆಳತಿಯಾಗಿ ಉಳಿಯುತ್ತಾಳೆ.

ಮೂರು. ಇದೇ ನನ್ನನ್ನು ಹೆಚ್ಚು ಕಾಡಿದ್ದು. ಜೊತೆಗಾರರೆಲ್ಲ ಯಾರಿಗೆ ಬೇಕಾದರೂ ಒಲಿಯುವವರಾದರೆ ಅವರಿಗೆ ಸ್ವಂತ ಮನಸ್ಸು ಎಲ್ಲಿ ಉಳಿಯಿತು? ಇದರಲ್ಲಿ ಬರೆಯುವವರಲ್ಲೇ ಎರಡು ದಾರಿ. 2011ರ ಡ್ರ್ಯಾಗನ್ ಏಜ್ 2ರಲ್ಲಿ ನಾಲ್ವರು ಜೊತೆಗಾರರು ಗಂಡಿಗೂ ಒಲಿಯುತ್ತಾರೆ, ಹೆಣ್ಣಿಗೂ ಒಲಿಯುತ್ತಾರೆ. 2023ರಲ್ಲಿ ಬೆಲ್ಜಿಯಂನ ಲೇರಿಯನ್ ಕಂಪನಿ ತಂದ ಬಾಲ್ಡರ್ಸ್ ಗೇಟ್ 3ರಲ್ಲೂ ಹೀಗೆಯೇ. ಇನ್‌ಕ್ವಿಸಿಷನ್ ಬೇರೆ ದಾರಿ ಹಿಡಿಯಿತು. ಡೋರಿಯನ್ ಒಲಿಯುವುದು ಗಂಡಿಗೆ ಮಾತ್ರ, ಸೆರಾ ಎಂಬಾಕೆ ಹೆಣ್ಣಿಗೆ ಮಾತ್ರ. ಕಸಾಂಡ್ರಾ ಎಂಬ ವೀರೆಯ ಹತ್ತಿರ ಹೆಣ್ಣೊಬ್ಬಳು ಸರಸದ ಮಾತಾಡಿದರೆ, ತನ್ನ ಮನಸ್ಸು ಹಾಗಿಲ್ಲವೆಂದು ಆಕೆ ನೋಯಿಸದೆ ತಿಳಿಸುತ್ತಾಳೆ.

ಮೊದಲ ದಾರಿಯಲ್ಲಿ ಎಲ್ಲರಿಗೂ ಪಾಲಿದೆ. ಎರಡನೆಯದರಲ್ಲಿ ಪಾತ್ರಕ್ಕೆ ಬೆನ್ನುಮೂಳೆ ಇದೆ. ಕಥೆಯನ್ನು ನಂಬಿದ ನನಗೆ ಎರಡನೆಯದೇ ಇಷ್ಟ. ಡೋರಿಯನ್‌ನ ತಂದೆಯ ಕಥೆ ಆ ದಾರಿಯಲ್ಲಿ ಮಾತ್ರ ಹುಟ್ಟಬಲ್ಲದು. ಆದರೆ ಆ ದಾರಿ ಹಿಡಿದವರು ಎಲ್ಲರಿಗೂ ಯಾರಾದರೂ ಒಬ್ಬರು ಸಿಗುವ ಹಾಗೆ ಬರೆಯಬೇಕು. "ಒಲ್ಲೆ" ಎಂಬ ಉತ್ತರ ಪಾತ್ರದ ಬಾಯಿಂದ ಬಂದರೆ ಅದು ಆ ಪಾತ್ರದ ಮನಸ್ಸು, ಎಲ್ಲರೂ ತಲೆಬಾಗಿ ಕೇಳಬಹುದು. ಕಥೆ ಬಾಯಿ ತೆರೆಯುವ ಮೊದಲೇ ಲಿಂಗ ನೋಡಿ ಆ ಸಾಲನ್ನು ಅಳಿಸಿಬಿಟ್ಟರೆ ಪ್ರಶ್ನೆ ಕೇಳುವ ಅವಕಾಶವೇ ಹೋಯಿತು. ಪಾತ್ರ ಹೇಳುವ "ಒಲ್ಲೆ" ನೀನು ನನಗೆ ಹೇಳುವ ಮಾತು. ಅಳಿಸಿದ ಸಾಲು ಮೂರನೆಯವರು ನಮ್ಮಿಬ್ಬರ ಬಗ್ಗೆ ಮಾಡಿದ ತೀರ್ಮಾನ.

ಶುಕ್ರವಾರ

ಜಪಾನಿನ ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದಲ್ಲಿ 2014ರಿಂದ ಇಬ್ಬರು ಆಟಗಾರರು ಮದುವೆಯಂಥ ಬಾಂಧವ್ಯದ ಶಾಸ್ತ್ರ ಮಾಡಿಕೊಳ್ಳಬಹುದು. ಬಟ್ಟೆ, ಉಂಗುರ, ಕರೆಯೋಲೆ ಎಲ್ಲ ಉಂಟು. ಜೋಡಿ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ನಮ್ಮಲ್ಲಿ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್, ಸಲಿಂಗ ಮದುವೆಗೆ ಮಾನ್ಯತೆ ಕೊಡುವುದು ಶಾಸಕಾಂಗಕ್ಕೆ ಬಿಟ್ಟದ್ದು ಎಂದಿತು. ಆಟದ ಮದುವೆಗೆ ಕಾನೂನಿನ ಬೆಲೆ ಇಲ್ಲ. ಆದರೆ ಬಾಂಧವ್ಯವನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವ ಆಸೆ ಆಟದ್ದಲ್ಲ.

ಶನಿವಾರ, ಸಂಗಮದ ಮೆಟ್ಟಿಲ ಮೇಲೆ

ನಾಳೆ ಹುಡುಗಿ ಮೈಸೂರಿಗೆ ಹೊರಡುತ್ತಾಳೆ. ಸಂಜೆ ಇಬ್ಬರೂ ಸಂಗಮದ ಕಡೆ ನಡೆದು ಬಂದೆವು. ಕಡಲೆಕಾಯಿ ಕೊಂಡು ಮೆಟ್ಟಿಲ ಮೇಲೆ ಕೂತೆವು. ವಾರವಿಡೀ ಒಂದು ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗಿದೆ. ಅವಳು ಆ ಸಾಲನ್ನು ಯಾಕೆ ಒತ್ತಿದಳು? ಕಥೆಗಾಗಿಯೋ, ಕುತೂಹಲಕ್ಕೋ, ತನಗಾಗಿಯೋ?

ಕೇಳಲಿಲ್ಲ. ಅವಳಾಗಿ ಹೇಳಬೇಕೆನಿಸಿದ ದಿನ ಅವಳ ವಾಕ್ಯ "ನಾನು" ಎಂದು ಶುರುವಾಗುತ್ತದೆ. ಆ ದಿನ ನನ್ನ ಉತ್ತರ "ನೀನು" ಎಂದು ಶುರುವಾಗಬೇಕು. ಅದಕ್ಕೆ ಮೊದಲೇ ಕೇಳಿಬಿಟ್ಟರೆ ನಾನು ದೊಡ್ಡಪ್ಪನಾಗಿ ಉಳಿಯುವುದಿಲ್ಲ, ಊರಿನ ಬಾಯಿಯಾಗುತ್ತೇನೆ.

ಕೇಳಿದ್ದು ಬೇರೆ. "ಆ ಲಾನಾ ಕಥೆ ಎಲ್ಲಿಗ್ ಬಂತು ಮಗ?"

ಅವಳ ಮುಖ ಅರಳಿತು. ಕತ್ತಲಾಗುವವರೆಗೂ ಹೇಳಿದಳು.

ಬೆಂಗಳೂರಿನಲ್ಲಿ ಆಟ ಕಟ್ಟುವ ಹುಡುಗ ಹುಡುಗಿಯರಿದ್ದಾರೆ. ಕನ್ನಡದಲ್ಲೇ ಕಥೆಯ ಆಟ ಕಟ್ಟುವ ದಿನ ಬಂದಾಗ ಅವರಿಗೆ ಈ ಮೇಷ್ಟರದು ಒಂದು ಮಾತು: ನಮ್ಮ ಭಾಷೆಯ ನಾನು, ನೀನು ಎರಡಕ್ಕೂ ಲಿಂಗವಿಲ್ಲ. ಭಾಷೆ ಹಾಕದ ಬೇಲಿಯನ್ನು ನೀವು ಹಾಕಬೇಡಿ. ಮನೆಯಲ್ಲಿ ಮಕ್ಕಳು ಪರದೆಯ ಮುಂದೆ ಕೂತಿದ್ದರೆ, ಹಿಂದೆ ನಿಂತ ಹಿರಿಯರಿಗೂ ಒಂದು ಮಾತು: ಯಾವ ಸಾಲು ಒತ್ತಿದೆ ಎಂದು ಕೇಳಬೇಡಿ. ಕಥೆ ಎಲ್ಲಿಗೆ ಬಂತು ಎಂದು ಕೇಳಿ, ಪಕ್ಕದಲ್ಲಿ ಕೂತುಕೊಳ್ಳಿ.